ನುಗ್ಗೆ ಬೀಜ ಹಾಕಿದ ಮೇಲೂ ನೀರು ಕುದಿಸಬೇಕೆ?

ಪ್ರಶ್ನೆ: "ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮನೆಗೆ ಗುಡ್ಡದ ಅಬ್ಬಿ ನೀರೇ ಆಧಾರ. ಪೈಪಿನಲ್ಲಿ ಇಳಿದು ಸಾವಿರ ಲೀಟರಿನ ಟ್ಯಾಂಕಿಗೆ ಬೀಳುತ್ತದೆ. ಬೇಸಿಗೆಯಲ್ಲಿ ತಿಳಿ ನೀರು, ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಕೆಂಪು ಬಗ್ಗಡ. ಮಾವ ಪಟಿಕದ ಗಡ್ಡೆಯನ್ನು ಕೊಡದಲ್ಲಿ ನಾಲ್ಕು ಸುತ್ತು ತಿರುಗಿಸುತ್ತಾರೆ, ನೀರು ಒಗರಾಗುತ್ತದೆ. ಪಟಿಕದ ಅಲ್ಯೂಮಿನಿಯಂನಿಂದ ಮರೆವಿನ ಕಾಯಿಲೆ ಬರುತ್ತದೆಂದು ಓದಿದ ಮೇಲೆ ಅದನ್ನು ಬಿಡಿಸಿದೆ. ಮೊಬೈಲಿನಲ್ಲಿ ನೋಡಿ ನುಗ್ಗೆ ಬೀಜ ಅರೆದು ಹಾಕಿದೆ. ನೀರು ಚೆನ್ನಾಗಿಯೇ ತಿಳಿಯಾಯಿತು, ಆದರೆ ಅದೇ ನೀರು ಮೂರನೆಯ ದಿನ ನಾತ ಹೊಡೆಯಿತು. ಅತ್ತೆಯ ತವರು ಬಯಲುಸೀಮೆ, 'ಚಿಲ್ಲದ ಬೀಜ ತೇಯ್ದರೆ ಸಾಕು' ಎನ್ನುತ್ತಾರೆ. ವಿಡಿಯೊದಲ್ಲಿ ಮಾತ್ರ ನುಗ್ಗೆ ಬೀಜದಿಂದ ಶೇ 99ರಷ್ಟು ರೋಗಾಣು ಹೋಗುತ್ತದೆ, ಕುದಿಸುವುದೇ ಬೇಡ ಎಂದಿದ್ದರು. ಮನೆಯಲ್ಲಿ ಮೂರು ವರ್ಷದ ಮಗುವಿದೆ. ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ. ಇವರಲ್ಲಿ ಯಾರ ಮಾತು ಸರಿ? ಬೀಜದ ಪುಡಿಯನ್ನು ನೇರ ಟ್ಯಾಂಕಿಗೇ ಹಾಕಬಹುದೇ?"

ಉತ್ತರ: ಕುದಿಸಲೇಬೇಕು. ಮಿಕ್ಕ ಮಾತು ಆಮೇಲೆ. ಮಗುವಿರುವ ಮನೆ ಎಂದು ಬರೆದಿದ್ದೀರಿ, ಹಾಗಾಗಿ ಉತ್ತರದ ಕೊನೆಯವರೆಗೆ ಕಾಯಿಸದೆ ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೀರು ಬಗ್ಗಡವಾಗಿದೆ ಎನ್ನುವುದು ಒಂದು. ಅದನ್ನು ತಿಳಿ ಮಾಡಲು ಹಾಕುವ ವಸ್ತುವೇ ವಿಷವಾಗಬಹುದೇ ಎನ್ನುವುದು ಇನ್ನೊಂದು. ನೀರು ಪರೀಕ್ಷೆಯ ಲ್ಯಾಬಿನಲ್ಲೇ ವೃತ್ತಿಯ ಬಹುಪಾಲು ಕಳೆದ ನನಗೆ ಇವೆರಡಕ್ಕಿಂತ ಹೆಚ್ಚು ಕಾಡುವುದು ಮೂರನೆಯದು. ನೀರು ತಿಳಿಯಾದ ಕೂಡಲೇ ಮನೆಯವರ ಭಯವೂ ತಿಳಿಯಾಗಿಬಿಡುತ್ತದೆ. ಕೆಂಪು ನೀರನ್ನು ಯಾರೂ ಹಾಗೇ ಕುಡಿಯುವುದಿಲ್ಲ, ಅನುಮಾನಪಟ್ಟು ಕುದಿಸುತ್ತಾರೆ. ತಿಳಿ ನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿದೇಬಿಡುತ್ತಾರೆ. ಕಾಮಾಲೆ, ಟೈಫಾಯ್ಡ್, ವಾಂತಿಭೇದಿಯ ರೋಗಾಣುಗಳು ಕಣ್ಣಿಗೆ ಕಾಣುವಂಥವಲ್ಲ. ಲೀಟರಿನಲ್ಲಿ ಲಕ್ಷಗಟ್ಟಲೆ ಇದ್ದರೂ ನೀರು ತಿಳಿಯಾಗಿಯೇ ಇರುತ್ತದೆ.

ಪಟಿಕವಾಗಲಿ, ನುಗ್ಗೆಯಾಗಲಿ, ಚಿಲ್ಲವಾಗಲಿ, ಮೂರೂ ಮಾಡುವುದು ಒಂದೇ ಕೆಲಸ. ಮಳೆನೀರು ಕೊಚ್ಚಿ ತಂದ ಜೇಡಿಯ ಕಣಗಳು ಬಹಳ ಸಣ್ಣವು, ಮೇಲಾಗಿ ಪ್ರತಿ ಕಣದ ಮೈಮೇಲೂ ಋಣ ವಿದ್ಯುದಂಶ ಇರುತ್ತದೆ. ಒಂದೇ ಬಗೆಯ ವಿದ್ಯುದಂಶ ಹೊತ್ತ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಒಟ್ಟುಗೂಡುವುದಿಲ್ಲ, ಭಾರವಾಗುವುದಿಲ್ಲ, ಇಳಿಯುವುದೂ ಇಲ್ಲ. ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಿರುವ ಜೇಡಿಕಣ ಒಂದಡಿ ಆಳದ ಕೊಡದ ತಳ ಮುಟ್ಟಲು, ನೀರು ಅಲುಗಾಡದಿದ್ದರೂ, ಲೆಕ್ಕದ ಪ್ರಕಾರ ಸುಮಾರು ನಾಲ್ಕು ದಿನ ಬೇಕು. ಕಣ ಅದರ ಹತ್ತು ಪಟ್ಟು ದೊಡ್ಡದಿದ್ದರೆ ಒಂದು ಗಂಟೆ ಸಾಕು. ರಾತ್ರಿ ತುಂಬಿಟ್ಟ ನೀರಿನ ಮರಳು ಬೆಳಗ್ಗೆ ತಳದಲ್ಲಿದ್ದರೂ ನೀರಿನ ಕೆಂಪು ಹೋಗದಿರುವುದು ಇದೇ ಕಾರಣಕ್ಕೆ.

ನುಗ್ಗೆ ಬೀಜದ ತಿರುಳಿನಲ್ಲಿ ನೀರಿನಲ್ಲಿ ಕರಗುವ ಪುಟ್ಟ ಪ್ರೋಟೀನುಗಳಿವೆ, ಅವು ಧನ ವಿದ್ಯುದಂಶದವು. ಜೇಡಿಕಣಕ್ಕೆ ಅಂಟಿಕೊಂಡು ಅದರ ಋಣವನ್ನು ಕಳೆಯುತ್ತವೆ, ಕಣಗಳು ಒಂದಕ್ಕೊಂದು ಹತ್ತಿಕೊಂಡು ಇಳಿಯುತ್ತವೆ. ಬಿಸಿ ಹಾಲಿಗೆ ನಿಂಬೆರಸ ಹಿಂಡಿದರೆ ಒಡೆದು ಗಟ್ಟಿ ಬೇರೆ, ನೀರು ಬೇರೆ ಆಗುತ್ತದಲ್ಲ, ನಡೆಯುವುದು ಹೆಚ್ಚುಕಡಿಮೆ ಅದೇ. ಪಟಿಕದಲ್ಲಿ ಆ ಕೆಲಸ ಅಲ್ಯೂಮಿನಿಯಂನದು. ಚಿಲ್ಲದ ಬೀಜದ ದಾರಿ ಸ್ವಲ್ಪ ಬೇರೆ. ಅದರ ಅಂಟು ಪದಾರ್ಥದ ಉದ್ದನೆಯ ಎಳೆಗಳು ಕಣದಿಂದ ಕಣಕ್ಕೆ ಸೇತುವೆ ಕಟ್ಟುತ್ತವೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಈ ಸೇತುವೆ ಗಟ್ಟಿ. ಅತ್ತೆಯವರ ತವರಿನ ಗಡಸು ನೀರಿನಲ್ಲಿ ಅವರು ಕಂಡಷ್ಟು ಗುಣ ನಿಮ್ಮ ಮೃದು ಅಬ್ಬಿ ನೀರಿನಲ್ಲಿ ಕಾಣದೇ ಹೋಗಬಹುದು.

ಅತ್ತೆಯವರದು ಹಳೆಯ ಜ್ಞಾನ, ಅದನ್ನು ತಳ್ಳಿಹಾಕುವ ಮಾತೇ ಇಲ್ಲ. ಕದಡಿದ ನೀರನ್ನು ತಿಳಿ ಮಾಡುವ ಏಳು ವಸ್ತುಗಳನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಪಟ್ಟಿಯಲ್ಲಿ ಮೊದಲು ಬರುವುದೇ ಕತಕ, ಎಂದರೆ ಈ ಚಿಲ್ಲ. ಅದೇ ಪಟ್ಟಿಯಲ್ಲಿ ಬಟ್ಟೆಯೂ ಇದೆ. ಬಟ್ಟೆಯಲ್ಲೇನು ಮಹಾ ಎಂದು ನಗುವವರಿಗೆ ಒಂದು ಮಾತು: ಬಾಂಗ್ಲಾದೇಶದ ಮತ್‌ಲಬ್ ಪ್ರದೇಶದಲ್ಲಿ ಹಳೆಯ ಸೀರೆಯನ್ನು ನಾಲ್ಕು ಪದರಕ್ಕೂ ಹೆಚ್ಚು ಮಡಚಿ ಕೆರೆ-ನದಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಶೇ 48ರಷ್ಟು ಇಳಿಯಿತೆಂದು ರೀಟಾ ಕಾಲ್ವೆಲ್ ಅವರ ತಂಡ 2003ರಲ್ಲಿ ಪ್ರಕಟಿಸಿತು. ಕಾಲರಾದ ರೋಗಾಣು ನೀರಿನ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ, ಸವೆದ ಹತ್ತಿಯ ನೂಲು ಆ ಜೀವಿಗಳನ್ನು ತಡೆಯುತ್ತದೆ. ಆದರೂ ಅದು ಅರ್ಧ ಲಾಭ ಮಾತ್ರ, ಕಾಮಾಲೆಯ ವೈರಸ್ಸಿಗೆ ಸೀರೆ ಅಡ್ಡವಾಗದು.

ಚಿಲ್ಲದ ಬೀಜ ತರಿಸುವುದಾದರೆ ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಇದರ ಹತ್ತಿರದ ಬಂಧು ಕಾಸರಕ. ನಿಮ್ಮ ಸೀಮೆಯ ಕಾಡಿನಲ್ಲೂ ಇದೆ, ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ, ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ ಇರುತ್ತದೆ. ಕಾಸರಕದ ಬೀಜ ಕೋಟಿನ ಗುಂಡಿಯ ಗಾತ್ರದ ಚಪ್ಪಟೆ ಬಿಲ್ಲೆ, ಬೂದು ಬಣ್ಣ, ಮೈಮೇಲೆ ರೇಷ್ಮೆಯಂಥ ನವಿರು ರೋಮ. ಚಿಲ್ಲದ ಬೀಜ ಅದಕ್ಕಿಂತ ಸಣ್ಣದು, ಗುಂಡಗೆ, ಮಾಸಲು ಹಳದಿ. ಅಂಗಡಿಯವನು ಪೊಟ್ಟಣದಲ್ಲಿ ಪುಡಿ ಕೊಟ್ಟರೆ ತೆಗೆದುಕೊಳ್ಳಲೇಬೇಡಿ. ಗುರುತಿಸಬಲ್ಲವರು ಬೀಜವನ್ನು ಇಡಿಯಾಗಿ ನೋಡಿ ಹೌದೆಂದ ಮೇಲೆ, ಮಡಕೆಯ ಒಳಮೈಗೆ ನಾಲ್ಕು ಸಲ ತೇಯ್ದು ನೀರು ತುಂಬಿ. ರೂಢಿಯ ಕ್ರಮ ಅದೇ. ಸಣ್ಣ ಅನುಮಾನ ಉಳಿದರೂ ಬಿಟ್ಟುಬಿಡಿ, ಹಿತ್ತಲಲ್ಲಿ ನುಗ್ಗೆ ಇದ್ದಾಗ ಆ ಗೊಡವೆ ಯಾಕೆ?

ಈಗ ಪಟಿಕ. ಮಾವನವರು ಮಾಡುತ್ತಿದ್ದುದು ತಪ್ಪಲ್ಲ, ಆದರೆ ಅಳತೆ ಇಲ್ಲ. ಅಲ್ಯೂಮಿನಿಯಂ ಮತ್ತು ಮರೆವಿನ ನಂಟಿನ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕೆಲವು ಮೂತ್ರಪಿಂಡ ರೋಗಿಗಳಿಗೆ ಮಿದುಳಿನ ತೀವ್ರ ತೊಂದರೆ ಕಾಣಿಸಿಕೊಂಡಿತು. ಡಯಾಲಿಸಿಸ್‌ಗೆ ಬಳಸಿದ ನೀರಿನ ಅಲ್ಯೂಮಿನಿಯಂ ರಕ್ತಕ್ಕೇ ಸೇರುತ್ತಿದ್ದುದು ಅದಕ್ಕೆ ಕಾರಣ ಎಂದು ಸಾಬೀತಾಯಿತು. ಕುಡಿಯುವ ನೀರಿನ ಕಥೆ ಬೇರೆ. ಬಾಯಿಯಿಂದ ಹೋದ ಅಲ್ಯೂಮಿನಿಯಂನಲ್ಲಿ ಶೇ 1ರಷ್ಟೂ ರಕ್ತಕ್ಕೆ ಸೇರುವುದಿಲ್ಲ, ನಮ್ಮ ದೇಹಕ್ಕೆ ಹೋಗುವ ಅಲ್ಯೂಮಿನಿಯಂನ ಬಹುಪಾಲು ಬರುವುದು ಊಟದಿಂದ. ಪಟಿಕ ಹಾಕಿದ ನೀರು ಆಲ್ಝೈಮರ್ಸ್ ತರುತ್ತದೆ ಎಂಬುದು ಇದುವರೆಗೆ ಸಿದ್ಧವಾಗಿಲ್ಲ. ನಗರಗಳ ನಲ್ಲಿ ನೀರು ಬಹುಮಟ್ಟಿಗೆ ಈ ಜಾತಿಯ ಅಲ್ಯೂಮಿನಿಯಂ ಲವಣಗಳಿಂದಲೇ ತಿಳಿಯಾಗಿ ಬರುತ್ತದೆ. ಹಾಗೆಂದು ಎಷ್ಟಾದರೂ ಇರಲಿ ಎಂದೂ ಅಲ್ಲ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 0.03 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 0.2ರವರೆಗೆ ಸಹಿಸಬಹುದು. ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯವರಿದ್ದರೆ ವೈದ್ಯರನ್ನು ಕೇಳಿಯೇ ಪಟಿಕ ಬಳಸಿ.

ನೀರು ಒಗರಾಯಿತು ಎಂದಿರಲ್ಲ, ನನಗೆ ಮುಖ್ಯ ಸುಳಿವು ಸಿಕ್ಕಿದ್ದು ಅಲ್ಲೇ. ಪಟಿಕ ನೀರಿಗೆ ಬಿದ್ದಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿ ಸಹಜವಾಗಿರುವ ಕ್ಷಾರಗುಣ ಆ ಆಮ್ಲವನ್ನು ನುಂಗಿಕೊಳ್ಳಬೇಕು. ಒಂದು ಮಿಲಿಗ್ರಾಂ ಪಟಿಕ, ಅದರ ಬಗೆ ನೋಡಿಕೊಂಡು, ಮೂರನೇ ಒಂದರಿಂದ ಅರ್ಧ ಮಿಲಿಗ್ರಾಂವರೆಗೆ ಕ್ಷಾರತೆಯನ್ನು ತಿಂದುಹಾಕುತ್ತದೆ. ಬಯಲುಸೀಮೆಯ ಬಾವಿಯಲ್ಲಿ ಕ್ಷಾರತೆ ಧಾರಾಳ. ಮಲೆನಾಡಿನ ಅಬ್ಬಿಯಲ್ಲಿ ಇರುವುದು ಹೆಚ್ಚಾಗಿ ಮಳೆನೀರೇ, ಕಲ್ಲು-ಮಣ್ಣಿನ ಲವಣ ಕರಗುವಷ್ಟು ಹೊತ್ತು ಅದು ಎಲ್ಲೂ ನಿಂತಿರುವುದಿಲ್ಲ. ಅಂಥ ನೀರಿನಲ್ಲಿ ಗಡ್ಡೆಯನ್ನು ನಾಲ್ಕು ಸುತ್ತು ತಿರುಗಿಸಿದರೆ ಕ್ಷಾರತೆ ಮುಗಿದು ನೀರು ಹುಳಿಗೆ ತಿರುಗುತ್ತದೆ. ಆಗ ಅಲ್ಯೂಮಿನಿಯಂ ಗಟ್ಟಿಯಾಗಿ ತಳ ಸೇರುವ ಬದಲು ನೀರಿನಲ್ಲೇ ಕರಗಿ ಉಳಿಯುತ್ತದೆ. ಪಟಿಕದ ಭಯಕ್ಕೆ ಏನಾದರೂ ಆಧಾರವಿದ್ದರೆ ಇಂಥ ಅಳತೆಯಿಲ್ಲದ ಬಳಕೆಯಲ್ಲಿದೆ.

ಸರಿಪಡಿಸುವುದು ಕಷ್ಟವಿಲ್ಲ. ಹತ್ತು ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ, ಮೇಲೆ ಚೀಟಿ ಅಂಟಿಸಿ, ಮಗುವಿನ ಕೈಗೆ ಎಟುಕದಂತೆ ಇಡಿ. ಇಪ್ಪತ್ತು ಲೀಟರ್ ಬಕೆಟ್ಟಿಗೆ ಇದರಲ್ಲಿ 40 ಮಿಲಿಲೀಟರಿನಿಂದ ಶುರುಮಾಡಿ, ಬಗ್ಗಡ ತೀರಾ ಜಾಸ್ತಿ ಇದ್ದ ದಿನ 100 ಮಿಲಿಲೀಟರಿನವರೆಗೆ ಹೋಗಬಹುದು. ಲೀಟರಿಗೆ 20ರಿಂದ 50 ಮಿಲಿಗ್ರಾಂ ಆಯಿತು. ಅಷ್ಟು ಹಾಕುವ ದಿನ, ಎಲೆಗೆ ಹಚ್ಚಿಕೊಳ್ಳುವಷ್ಟು ಸುಣ್ಣವನ್ನು ಲೋಟ ನೀರಿನಲ್ಲಿ ಕದಡಿ, ಪಟಿಕಕ್ಕೂ ಮೊದಲು ಬಕೆಟ್ಟಿಗೆ ಸುರಿದು ಕಲಕಿ. ಒಗರು ಹೋಗುತ್ತದೆ.

ನುಗ್ಗೆಯ ದೊಡ್ಡ ಅನುಕೂಲ ಇರುವುದು ಇಲ್ಲಿ. ಅದು ನೀರಿನ ಹುಳಿ-ಕ್ಷಾರವನ್ನು ಕೆಡಿಸುವುದಿಲ್ಲ, ನಿಮ್ಮಂಥ ಮೃದು ನೀರಿಗೆ ಹೇಳಿ ಮಾಡಿಸಿದಂತಿದೆ. ಮರ ಹುಟ್ಟಿದ ಸೀಮೆ ಹಿಮಾಲಯದ ತಪ್ಪಲು, ನಾವು ಕಾಯಿಯನ್ನು ಹುಳಿಗೆ ಹಾಕಿಕೊಂಡೆವು, ಸೊಪ್ಪನ್ನು ಪಲ್ಯ ಮಾಡಿಕೊಂಡೆವು. ಬೀಜದಿಂದ ನೀರು ತಿಳಿ ಮಾಡುವ ವಿದ್ಯೆಯನ್ನು ಲೋಕ ಗಮನಿಸಿದ್ದು ಮಾತ್ರ ಸುಡಾನಿನಲ್ಲಿ. ನೈಲ್ ನದಿಯ ಕೆಸರು ನೀರನ್ನು ಅಲ್ಲಿನ ಹಳ್ಳಿಯ ಹೆಂಗಸರು ಈ ಬೀಜದಿಂದ ತಿಳಿ ಮಾಡುತ್ತಿದ್ದುದನ್ನು ಸಾಮಿಯಾ ಅಲ್ ಅಝರಿಯಾ ಯಾನ್ ಎಂಬ ವಿಜ್ಞಾನಿ 1970ರ ದಶಕದಿಂದ ದಾಖಲಿಸಿದರು. ಆಮೇಲೆ ಮಲಾವಿ ದೇಶದ ಥಿಯೋಲೊ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದವರು ಪಟಿಕದ ಬದಲು ನುಗ್ಗೆ ಬಳಸಿ ನೋಡಿದರು. 270ರಿಂದ 380 ಎನ್‌ಟಿಯು (ಬಗ್ಗಡ ಅಳೆಯುವ ಮಾನ) ಇದ್ದ ನೀರು 4ಕ್ಕಿಂತ ಕೆಳಗಿಳಿಯಿತು. ನಮ್ಮ ಮಾನಕ ಕೇಳುವುದು 1, ಸಹಿಸುವುದು 5. ಒಳ್ಳೆಯ ಫಲಿತಾಂಶವೇ. ಆದರೆ ವಿಡಿಯೊಗಳು ಹೇಳದ ಮಾತೊಂದಿದೆ. ಆ ಘಟಕದಲ್ಲಿ ನುಗ್ಗೆಯ ನಂತರ ನೀರು ಮರಳಿನ ಸೋಸುಕದ ಮೂಲಕವೂ ಹಾದುಹೋಗುತ್ತಿತ್ತು.

ಶೇ 99ರ ಮಾತಿಗೆ ಬರೋಣ. ಸುಳ್ಳೇನಲ್ಲ. ಬಗ್ಗಡ ನೀರಿಗೆ ನುಗ್ಗೆ ಹಾಕಿದಾಗ ಬ್ಯಾಕ್ಟೀರಿಯಾ ಶೇ 90ರಿಂದ 99ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕಡಿಮೆಯಾಗಿದ್ದನ್ನು ಪ್ರಯೋಗಗಳು ತೋರಿಸಿವೆ. ಆದರೆ ನಿಮ್ಮ ಹಳ್ಳದ ನೂರು ಮಿಲಿಲೀಟರ್ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ 10,000 ಇವೆ ಎಂದುಕೊಳ್ಳಿ. ಶೇ 99 ಹೋದರೂ 100 ಉಳಿದವು. ಕುಡಿಯುವ ನೀರಿನ ನಿಯಮ ನೂರು ಮಿಲಿಲೀಟರಿನಲ್ಲಿ ಒಂದೂ ಇರಕೂಡದು ಎನ್ನುತ್ತದೆ. ಇನ್ನೊಂದು, ಹೋದವೂ ಸತ್ತು ಹೋದದ್ದಲ್ಲ. ಬಹುಪಾಲು ಕೆಸರಿಗೆ ಅಂಟಿಕೊಂಡು ತಳದಲ್ಲಿ ಜೀವಂತ ಕೂತಿರುತ್ತವೆ. ಬಿಂದಿಗೆ ಅಲುಗಿದರೆ, ತಳದವರೆಗೆ ಚೊಂಬು ಅದ್ದಿದರೆ, ಮತ್ತೆ ಮೇಲೇಳುತ್ತವೆ. ವೈರಸ್‌ಗಳ ವಿಷಯದಲ್ಲಂತೂ ನುಗ್ಗೆಯನ್ನು ನೆಚ್ಚುವಂತೆಯೇ ಇಲ್ಲ.

ಮೂರನೆಯ ದಿನದ ನಾತಕ್ಕೂ ಕಾರಣ ಇದಕ್ಕೆ ಹತ್ತಿರವೇ. ನೀರು ತಿಳಿ ಮಾಡುವ ಪ್ರೋಟೀನು ಬೀಜದಲ್ಲಿ ಒಂದು ಪಾಲು ಮಾತ್ರ. ಉಳಿದ ಪ್ರೋಟೀನು, ಎಣ್ಣೆ, ಸಕ್ಕರೆಯಂಥವು ನೀರಿನಲ್ಲಿ ಉಳಿದು ಅಳಿದುಳಿದ ಬ್ಯಾಕ್ಟೀರಿಯಾಗೆ ಊಟವಾಗುತ್ತವೆ. ಮೊದಲ ದಿನ ನೂರಕ್ಕಿಳಿದ ಸಂಖ್ಯೆ ಒಂದೆರಡು ದಿನದಲ್ಲಿ ಮೊದಲಿನ ಲೆಕ್ಕ ಮುಟ್ಟಿದರೂ ಆಶ್ಚರ್ಯವಿಲ್ಲ. ಆದ್ದರಿಂದ ನುಗ್ಗೆ ನೀರು ಆಯಾ ದಿನದ್ದು ಆಯಾ ದಿನಕ್ಕೆ, 24 ಗಂಟೆ ದಾಟಿಸಬಾರದು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಇದಕ್ಕೊಂದು ಜಾಣ ಉಪಾಯ ಹೂಡಿದರು. ಬೀಜದ ರಸದಲ್ಲಿ ಮರಳನ್ನು ನೆನೆಸಿ ಮತ್ತೆ ತೊಳೆದರು. ಧನ ವಿದ್ಯುದಂಶದ ಪ್ರೋಟೀನು ಮರಳಿಗೆ ಅಂಟಿ ಉಳಿಯಿತು, ಬೇಡದ್ದು ತೊಳೆದು ಹೋಯಿತು. ಚೆಂದದ ವಿಚಾರ, ಆದರೆ ಅಡುಗೆಮನೆಯಲ್ಲಿ ಅಳತೆ ಹಿಡಿದು ಮಾಡುವಷ್ಟು ಅದು ಇನ್ನೂ ಪಳಗಿಲ್ಲ.

ಮನೆಯಲ್ಲಿ ಮಾಡುವ ಕ್ರಮ ಹೇಳುತ್ತೇನೆ, ನೀವು ಮಾಡಿದ್ದಕ್ಕೆ ಹೋಲಿಸಿ ನೋಡಿ. ಕಾಯಿ ಮರದ ಮೇಲೇ ಬಲಿತು ಒಣಗಿ ಕಂದಾಗಿರಬೇಕು. ಹಸಿ ಕಾಯಿಯ ಬೀಜದಲ್ಲಿ ಕೆಲಸ ಮಾಡುವ ಪ್ರೋಟೀನು ಸಾಲದು. ಬೇಸಿಗೆಯಲ್ಲೇ ಕಿತ್ತು, ಬೀಜವನ್ನು ರೆಕ್ಕೆ-ಸಿಪ್ಪೆ ಸಮೇತ ಡಬ್ಬಿಯಲ್ಲಿಡಿ, ನಿಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಬಿತ್ತನೆಗೆಂದು ಅಂಗಡಿಯಲ್ಲಿ ಮಾರುವ ಬೀಜ ಯಾವ ಕಾರಣಕ್ಕೂ ಬೇಡ, ಅದಕ್ಕೆ ಶಿಲೀಂಧ್ರನಾಶಕ ಬಳಿದಿರಬಹುದು. ಮರದ ಬೇರು, ತೊಗಟೆಯ ಗುಣವೇ ಬೇರೆ, ಅವನ್ನೂ ಮುಟ್ಟಬೇಡಿ.

ಹಾಕುವ ದಿನವೇ ಸಿಪ್ಪೆ ಬಿಡಿಸಿ, ಬಿಳಿ ತಿರುಳನ್ನು ಕಲ್ಲಿನಲ್ಲಿ ಕುಟ್ಟಿ ಪುಡಿ ಮಾಡಿ. ಒಂದು ಲೋಟ ಒಳ್ಳೆಯ ನೀರಿನೊಂದಿಗೆ ಬಾಟಲಿಗೆ ಹಾಕಿ ಐದು ನಿಮಿಷ ಕುಲುಕಿ, ಬಟ್ಟೆಯಲ್ಲಿ ಸೋಸಿ. ಹಾಲಿನ ಬಣ್ಣದ ಆ ರಸ ಮಾತ್ರ ಬಕೆಟ್ಟಿಗೆ ಹೋಗಬೇಕು, ಬಟ್ಟೆಯಲ್ಲಿ ಉಳಿದ ಚರಟವಲ್ಲ. ಅರೆದ ಹಿಟ್ಟನ್ನು ಇಡಿಯಾಗಿ ಸುರಿದರೆ ನಾತಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ರಸ ಸುರಿದ ಮೇಲೆ ಒಂದು ನಿಮಿಷ ಜೋರಾಗಿ ತಿರುವಿ, ಆಮೇಲೆ ಐದರಿಂದ ಹತ್ತು ನಿಮಿಷ ಬಹಳ ನಿಧಾನ. ಜನ ಅವಸರ ಮಾಡುವುದು ಈ ನಿಧಾನದ ಹಂತದಲ್ಲೇ. ಸೌಟು ಮೆಲ್ಲಗೆ ಸುತ್ತುತ್ತಿದ್ದಂತೆ ಕೆಂಪು ನೀರಿನ ನಡುವೆ ಮೊದಲು ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವೆ, ಅವು ಒಂದನ್ನೊಂದು ಹಿಡಿದು ದಪ್ಪವಾಗುತ್ತವೆ, ಚುಕ್ಕಿಗಳ ನಡುವಿನ ನೀರು ತಿಳಿಯಾಗುತ್ತದೆ. ಆಗ ಜೋರಾಗಿ ಕಲಕಿದಿರೋ, ಕಟ್ಟಿದ್ದೆಲ್ಲ ಚೂರಾಗಿ ಮೊದಲಿನ ಸ್ಥಿತಿಗೆ ಹೋಗುತ್ತದೆ. ಮುಚ್ಚಿಟ್ಟು ಒಂದೆರಡು ಗಂಟೆ ಬಿಡಿ. ಮೇಲಿನ ನೀರನ್ನು ಅಲುಗಿಸದೆ, ಮಡಚಿದ ಹತ್ತಿ ಬಟ್ಟೆಯ ಮೂಲಕ ಬೇರೆ ಪಾತ್ರೆಗೆ ಬಗ್ಗಿಸಿ.

ಎಷ್ಟು ಬೀಜ? ಸುಮಾರು ಲೆಕ್ಕ ಹೀಗಿದೆ. ನಸು ಬಗ್ಗಡಕ್ಕೆ ನಾಲ್ಕು ಲೀಟರಿಗೆ ಒಂದು, ಮಧ್ಯಮಕ್ಕೆ ಎರಡು ಲೀಟರಿಗೆ ಒಂದು, ಕೆಂಪಗಿದ್ದರೆ ಲೀಟರಿಗೊಂದು, ಕೆಸರೇ ಆಗಿದ್ದರೆ ಲೀಟರಿಗೆ ಎರಡು. ಕೆಲವು ವಿಡಿಯೊಗಳಲ್ಲಿ ಹೇಳುವ 'ಬಕೆಟ್ಟಿಗೆ ಎರಡು ಬೀಜ' ಎಲ್ಲಿಂದ ಬಂತೋ! ನಿಮ್ಮ ನೀರಿಗೆ ಸರಿಯಾದದ್ದು ಯಾವುದೆಂದು ತಿಳಿಯಲು ಲೀಟರಿನ ನಾಲ್ಕು ಪಾರದರ್ಶಕ ಬಾಟಲಿಗಳಲ್ಲಿ ಬೇರೆಬೇರೆ ಪ್ರಮಾಣ ಹಾಕಿ ಗಂಟೆ ಬಿಟ್ಟು ನೋಡಿ. ಲ್ಯಾಬಿನಲ್ಲಿ ನಾವು ಮಾಡುವುದೂ ಇದನ್ನೇ, ಯಂತ್ರ ಇಟ್ಟುಕೊಂಡು. ಅತಿ ತಿಳಿ ಕೊಡುವ ಕನಿಷ್ಠ ಪ್ರಮಾಣವೇ ನಿಮ್ಮದು. ಜಾಸ್ತಿ ಹಾಕಿದರೆ ಕಣಗಳೆಲ್ಲ ಈಗ ಧನ ವಿದ್ಯುದಂಶದವಾಗಿ ಮತ್ತೆ ಪರಸ್ಪರ ತಳ್ಳಲು ಶುರುಮಾಡುತ್ತವೆ, ನೀರು ಮರಳಿ ಕದಡುತ್ತದೆ. ಮೊದಲೇ ತಿಳಿಯಾಗಿರುವ ಬೇಸಿಗೆಯ ನೀರಿಗೆ ನುಗ್ಗೆ ಹಾಕುವುದಂತೂ ಶುದ್ಧ ನಷ್ಟ. ಹಿಡಿಯಲು ಕೆಸರಿಲ್ಲ, ಸೇರುವುದು ಬೀಜದ ಕೊಳೆ ಮಾತ್ರ.

ಇಷ್ಟೆಲ್ಲ ಮಾಡಿಯೂ ನೀರು ಚಹಾದ ಬಣ್ಣದಲ್ಲೇ ಉಳಿದು, ಆದರೆ ಆಚೆಬದಿ ನಿಚ್ಚಳವಾಗಿ ಕಾಣುತ್ತಿದ್ದರೆ, ಅದು ಮಣ್ಣಲ್ಲ. ಕಾಡಿನ ತರಗೆಲೆ ನೆನೆದು ಬಿಟ್ಟ ಬಣ್ಣ. ಅದಕ್ಕೆ ನುಗ್ಗೆಗಿಂತ ಅಳೆದು ಹಾಕಿದ ಪಟಿಕ ಮೇಲು.

ಕರಗಿರುವ ವಸ್ತುಗಳನ್ನು ತೆಗೆಯುವ ಶಕ್ತಿ ಈ ಬೀಜಗಳಿಗಿದೆ ಎಂದು ನಂಬಬೇಡಿ. ಪಾವಗಡ, ಮುಂಡರಗಿ ಕಡೆಯವರು ಫ್ಲೋರೈಡಿಗೆ ನುಗ್ಗೆ ಬೀಜ ಸಾಕೇ ಎಂದು ಕೇಳುವುದುಂಟು, ಸಾಲದು. ನಿಮ್ಮ ವಿಷಯದಲ್ಲಿ ನನಗಿರುವ ಅನುಮಾನ ತೋಟದ್ದು. ಅಬ್ಬಿಯ ಮೇಲ್ಭಾಗದಲ್ಲಿ ಯಾರದಾದರೂ ಅಡಿಕೆ ತೋಟ ಇದೆಯೇ? ಇದ್ದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳೂ ನಿಮ್ಮ ನೀರು ಕದಡುವ ದಿನಗಳೂ ಒಂದೇ. ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ ಬೀಳುತ್ತದೆ. ಔಷಧಿ ಹೊಡೆದು ಮಳೆ ಬಂದರೆ ತಾಮ್ರ ತೊಳೆದು ಹಳ್ಳ ಸೇರುತ್ತದೆ. ಬೀಜವಾಗಲಿ ಕುದಿಸುವುದಾಗಲಿ ಅದಕ್ಕೆ ಔಷಧವಲ್ಲ. ಪೈಪಿನ ಬಾಯಿಯನ್ನು ತೋಟಕ್ಕಿಂತ ಮೇಲಕ್ಕೆ ಒಯ್ಯುವುದೊಂದೇ ದಾರಿ.

ತಿಳಿಯಾದ ನೀರನ್ನು ಸುರಕ್ಷಿತ ಮಾಡಲು ನಿಮ್ಮಲ್ಲಿ ಮೂರು ದಾರಿಗಳಿವೆ. ಕುದಿಸುವುದು ಮೊದಲನೆಯದು, ನಿಮ್ಮ ಮನೆಗೆ ಅತ್ಯುತ್ತಮ. ಗುಳ್ಳೆ ಉಕ್ಕಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಕಾಲು ಗಂಟೆ ಕುದಿಸಿ ಸೌದೆ ಸುಡಬೇಕಾಗಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ, ನಲ್ಲಿಯಿರುವ ಪಾತ್ರೆಗೆ ಬಗ್ಗಿಸಿ. ಆರಿದ ನೀರಿಗೆ ಕೈ ಅದ್ದುವ ಚೊಂಬು ಕುದಿಸಿದ ಪುಣ್ಯವನ್ನೆಲ್ಲ ಕಳೆಯುತ್ತದೆ.

ಎರಡನೆಯದು ಕ್ಲೋರಿನ್. ಸಾವಿರ ಲೀಟರ್ ತಿಳಿ ನೀರಿಗೆ ಹೊಸ ಬ್ಲೀಚಿಂಗ್ ಪೌಡರ್ ಸುಮಾರು ಎರಡೂವರೆ ಗ್ರಾಂ, ಕನಿಷ್ಠ ಅರ್ಧ ಗಂಟೆ ಕಾಯಬೇಕು, ಕೊನೆಗೆ ಸಣ್ಣ ವಾಸನೆ ಉಳಿದಿರಬೇಕು. ಬಕೆಟ್ ಲೆಕ್ಕಕ್ಕೆ ಕ್ಲೋರಿನ್ ಮಾತ್ರೆಯೇ ವಾಸಿ, ಪ್ರಮಾಣ ಚೀಟಿಯ ಮೇಲಿರುತ್ತದೆ. ತೊಡಕೆಂದರೆ ಬಗ್ಗಡ ನೀರೂ ನುಗ್ಗೆ ನೀರೂ ಕ್ಲೋರಿನ್ನನ್ನು ವ್ಯರ್ಥವಾಗಿ ಹೀರುತ್ತವೆ. ನುಗ್ಗೆಯ ಸಾವಯವ ಅಂಶ ಕ್ಲೋರಿನ್ ಜೊತೆ ಸೇರಿ ಬೇಡದ ಕೆಲವು ಸಂಯುಕ್ತಗಳೂ ಹುಟ್ಟುತ್ತವೆ. ಆ ಅಪಾಯ ವರ್ಷಗಟ್ಟಲೆ ಕುಡಿದವರಿಗೆ ಸಂಬಂಧಿಸಿದ್ದು, ವಾಂತಿಭೇದಿಯದು ನಾಳೆಯದು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಕ್ಲೋರಿನ್ ಕಡೆಗೇ. ಆದರೂ ಕ್ಲೋರಿನ್ ಬಳಸುವ ಮನೆಯಲ್ಲಿ ನುಗ್ಗೆಗಿಂತ ಪಟಿಕ ಹೊಂದಿಕೆಯಾಗುತ್ತದೆ.

ಮೂರನೆಯದು ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಯಂತ್ರ. ತಿಳಿ ನೀರಿಗೆ ಒಳ್ಳೆಯದೇ, ಆದರೆ ಕರೆಂಟಿಲ್ಲದ ವಾರ ಅದು ಗೋಡೆಯ ಅಲಂಕಾರ. ಆರ್‌ಒ ನಿಮಗೆ ಬೇಕಿಲ್ಲ, ಮೊದಲೇ ಲವಣವಿಲ್ಲದ ನೀರಿನಿಂದ ಲವಣ ತೆಗೆಯಲು ದುಡ್ಡು ಯಾಕೆ? ಮಾರಲು ಬಂದವರು ಎರಡು ಕಡ್ಡಿ ಅದ್ದಿ ಕರೆಂಟು ಹಾಯಿಸಿ, ನಿಮ್ಮ ನೀರಿನಲ್ಲಿ ಕಂದು ಕೊಳೆ ಎದ್ದದ್ದನ್ನು ತೋರಿಸಿದರೆ ಹೆದರಬೇಡಿ. ಆ ಕೊಳೆ ಕಬ್ಬಿಣದ ಕಡ್ಡಿ ಕರಗಿ ಬಂದದ್ದು.

ಟ್ಯಾಂಕಿಗೆ ಬೀಜದ ಪುಡಿ ಹಾಕಬೇಡಿ. ಮಧ್ಯಮ ಬಗ್ಗಡಕ್ಕೇ ಸಾವಿರ ಲೀಟರಿಗೆ 500 ಬೀಜ, ಎಂದರೆ ದಿನಕ್ಕೆ 25-30 ಕಾಯಿ. ಕೆಸರು ಟ್ಯಾಂಕಿನ ತಳದಲ್ಲೇ ಕೊಳೆಯುತ್ತದೆ, ನಲ್ಲಿ ಇರುವುದೂ ತಳದಲ್ಲೇ. ಕುಡಿಯಲು, ಅಡುಗೆಗೆ ಬೇಕಾದ ಒಂದು ಬಕೆಟ್ಟಿಗಷ್ಟೇ ಇದನ್ನು ಇಟ್ಟುಕೊಳ್ಳಿ. ಟ್ಯಾಂಕಿನ ಚಿಂತೆಗೆ ಪರಿಹಾರ ಗುಡ್ಡದ ಮೇಲಿದೆ. ಪುಟ್ಟ ಹಳ್ಳ ಜೋರು ಮಳೆಗೆ ಕೆಂಪಾದಷ್ಟೇ ಬೇಗ, ಮಳೆ ಬಿಟ್ಟ ಕೆಲವು ಗಂಟೆಗಳಲ್ಲಿ ತಿಳಿಯಾಗುತ್ತದೆ. ಟ್ಯಾಂಕಿಗೆ ಮೊದಲು ಒಂದು ವಾಲ್ವ್ ಹಾಕಿಸಿ, ಜೋರು ಮಳೆಯ ಹೊತ್ತು ಮುಚ್ಚಿಬಿಡಿ, ತಿಳಿಯಾದ ಮೇಲೆ ತುಂಬಿಸಿ. ಇನ್ನೂ ಒಳ್ಳೆಯದೆಂದರೆ ಪೈಪಿನ ಬಾಯಿಯನ್ನು ಹರಿವ ನೀರಿನಲ್ಲಿ ಇಡದೆ, ಹಳ್ಳದ ದಡದಲ್ಲಿ ಒರತೆಯ ಹಾಗೆ ಗುಂಡಿ ತೋಡಿ, ಜಲ್ಲಿ-ಮರಳು ತುಂಬಿ, ಅದರೊಳಗೆ ಕೂರಿಸುವುದು. ನಿಮ್ಮ ಬಗ್ಗಡದ ಅರ್ಧಕ್ಕೂ ಹೆಚ್ಚು ಅಲ್ಲೇ ನಿಲ್ಲುತ್ತದೆ ಎಂದು ನನ್ನ ಅಂದಾಜು. ಅಬ್ಬಿಯ ಮೇಲೆ ದನ ಮೇಯುವ ಜಾಗವಿದ್ದರೆ ಬೇಲಿ ಹಾಕಿಸಿ.

ಪರೀಕ್ಷೆಯನ್ನು ಜನ ಬೇಸಿಗೆಯಲ್ಲಿ ಮಾಡಿಸುತ್ತಾರೆ, ಎಲ್ಲ ಚೆನ್ನಾಗಿದೆ ಎಂಬ ವರದಿ ಬರುತ್ತದೆ. ನೀವು ಮೊದಲ ಜೋರು ಮಳೆಯ ವಾರ ಮಾಡಿಸಿ. ಜಲಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿರುತ್ತಾರೆ, ಊರಿನ ಕೆಲವು ಹೆಂಗಸರಿಗೆ ತರಬೇತಿಯೂ ಆಗಿರುತ್ತದೆ, ವಿಚಾರಿಸಿ. ಬ್ಯಾಕ್ಟೀರಿಯಾ ಪರೀಕ್ಷೆಯ ಪುಟ್ಟ ಸೀಸೆಗೆ ನೀರು ತುಂಬಿಟ್ಟರೆ 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲಿನ ಎಂದರ್ಥ. ಜುಲೈ ಚಳಿಯಲ್ಲಿ ಅದನ್ನು ಒಲೆಯ ಸಮೀಪದ ಬೆಚ್ಚನೆಯ ಜಾಗದಲ್ಲಿಡಿ, ಇಲ್ಲವಾದರೆ ಕೆಟ್ಟ ನೀರೂ ಕಪ್ಪಾಗದೆ ನಿಮ್ಮನ್ನು ಮೋಸಗೊಳಿಸಬಹುದು. ತಾಮ್ರದ ಪರೀಕ್ಷೆಗೆ ತಾಲ್ಲೂಕು ಅಥವಾ ಜಿಲ್ಲಾ ಲ್ಯಾಬಿಗೆ ಕಳಿಸಿ, ಔಷಧಿ ಹೊಡೆದ ಮರುಮಳೆಯ ನೀರನ್ನೇ ಹಿಡಿಯಿರಿ. ಬ್ಯಾಕ್ಟೀರಿಯಾಗೆ ಲ್ಯಾಬಿನವರು ಕೊಟ್ಟ ಬಾಟಲಿಯನ್ನು ತೊಳೆಯದೆ ಹಾಗೆಯೇ ತುಂಬಿಸಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಬಕೆಟ್ಟಿನ ತಳದ ಕೆಸರನ್ನು ತೋಟದ ಬುಡಕ್ಕೆ ಹಾಕಿ, ಗಿಡಕ್ಕೆ ತೊಂದರೆಯಿಲ್ಲ. ಬಾವಿಯ ಹತ್ತಿರ ಮಾತ್ರ ಚೆಲ್ಲಬೇಡಿ.